ಚಿಕಿತ್ಸೆ ಮುಗಿಯಿತು, ಇನ್ನು ತೋಳಿನ ಸರದಿ

ಸ್ತನ ಕ್ಯಾನ್ಸರಿನ ಚಿಕಿತ್ಸೆ ಮುಗಿಸಿ ಬಂದವರ ಒಂದು ಭಂಗಿ ನನಗೆ ದೂರದಿಂದಲೇ ಗುರುತು ಸಿಗುತ್ತದೆ. ಶಸ್ತ್ರಚಿಕಿತ್ಸೆಯಾದ ಕಡೆಯ ಮೊಣಕೈ ಪಕ್ಕೆಗೆ ಅಂಟಿಕೊಂಡಿರುತ್ತದೆ, ಅಂಗೈ ಹೊಟ್ಟೆಯ ಮೇಲಿರುತ್ತದೆ, ಭುಜ ಮುಂದಕ್ಕೆ ಬಾಗಿರುತ್ತದೆ. ಮೇಲಿನ ಕಪಾಟಿನ ಡಬ್ಬಿ ತೆಗೆಯಲು ಇನ್ನೊಬ್ಬರನ್ನು ಕರೆಯುತ್ತಾರೆ. ಕೇಳಿದರೆ, ‘ಆ ಕೈಗೆ ಏನೂ ಆಗಬಾರದು ಎಂದು ಜೋಪಾನ ಮಾಡುತ್ತಿದ್ದೇನೆ’ ಎನ್ನುತ್ತಾರೆ. ಫಿಸಿಯೋಥೆರಪಿಸ್ಟ್ ಆಗಿ ನಾನು ಬಿಡಿಸಲು ಹೆಚ್ಚು ಹೆಣಗಿರುವುದು ಈ ಜೋಪಾನವನ್ನೇ. ಅಲುಗಾಡದ ಭುಜ ಬಿಗಿದುಕೊಳ್ಳುತ್ತದೆ. ರೇಡಿಯೇಷನ್ ಬಿದ್ದ ಚರ್ಮ ಮತ್ತು ಸ್ನಾಯುಗಳಂತೂ ಚಿಕಿತ್ಸೆ ಮುಗಿದು ತಿಂಗಳುಗಳಾದ ಮೇಲೂ ಗಟ್ಟಿಯಾಗುತ್ತಾ ಹೋಗಬಹುದು.

ಇಲ್ಲಿ ಹೇಳುವುದೆಲ್ಲ ಗಾಯ ಪೂರ್ತಿ ಮಾಯ್ದು, ವ್ಯಾಯಾಮಕ್ಕೆ ವೈದ್ಯರ ಒಪ್ಪಿಗೆ ಸಿಕ್ಕವರಿಗೆ. ಸ್ತನದ ಮರುರಚನೆ ಮಾಡಿಸಿಕೊಂಡವರು ತಮ್ಮ ಶಸ್ತ್ರಚಿಕಿತ್ಸಕರನ್ನು ಕೇಳದೆ ಶುರು ಮಾಡಬೇಡಿ.

ಮೊದಲ ಹೆಜ್ಜೆ, ಎರಡು ಪ್ರಶ್ನೆ. ಕಂಕುಳಿನಿಂದ ಎಷ್ಟು ದುಗ್ಧಗ್ರಂಥಿ (ಲಿಂಫ್ ನೋಡ್) ತೆಗೆದಿದ್ದಾರೆ? ಕಂಕುಳಿಗೂ ರೇಡಿಯೇಷನ್ ಕೊಟ್ಟಿದ್ದಾರೆಯೇ? ಉತ್ತರವನ್ನು ಕಡತದ ಮೊದಲ ಪುಟದಲ್ಲಿ ಬರೆದಿಡಿ. ತೋಳಿನ ದುಗ್ಧರಸ, ಅಂದರೆ ಅಂಗಾಂಶಗಳಿಂದ ರಕ್ತಕ್ಕೆ ಮರಳುವ ತಿಳಿ ದ್ರವ, ಹರಿದುಹೋಗುವುದು ಈ ಗ್ರಂಥಿಗಳ ಮೂಲಕ. ದಾರಿ ಮುಚ್ಚಿದಷ್ಟೂ ರಸ ತೋಳಿನಲ್ಲೇ ನಿಂತು ಬಾವು ಬರುವ ಸಾಧ್ಯತೆ ಹೆಚ್ಚು. ಅದೇ ಲಿಂಫೆಡಿಮಾ. ಒಂದೆರಡು ಗ್ರಂಥಿಗಳನ್ನಷ್ಟೇ ತೆಗೆಸಿಕೊಂಡವರಿಗೆ ಅಪಾಯ ಕಡಿಮೆ, ಇಲ್ಲವೆಂದಲ್ಲ. ಚಿಕಿತ್ಸೆ ಮುಗಿದು ವರ್ಷಗಳಾದ ಮೇಲೂ ಅದು ಕಾಣಿಸಿಕೊಳ್ಳಬಹುದು.

ಎರಡನೆಯದು ಅಳತೆ. ತೋಳು ಚೆನ್ನಾಗಿರುವಾಗಲೇ ಅಳೆದಿಡಬೇಕು. ಊದಿದ ಮೇಲೆ ಅಳೆದರೆ ಹೋಲಿಸಿ ನೋಡಲು ಏನೂ ಇರುವುದಿಲ್ಲ. ಅಂಗೈ, ಮಣಿಕಟ್ಟು, ಮೊಣಕೈಯ ಮಡಿಕೆಯಿಂದ 10 ಸೆಂ.ಮೀ. ಕೆಳಗೆ, 10 ಸೆಂ.ಮೀ. ಮೇಲೆ: ಈ ನಾಲ್ಕು ಕಡೆ, ಎರಡೂ ಕೈಗಳಲ್ಲಿ, ತಿಂಗಳಿಗೊಮ್ಮೆ, ಬೆಳಗಿನ ಹೊತ್ತು ಅಳೆಯಿರಿ. ಟೇಪು ಚರ್ಮದ ಮೇಲೆ ಕೂರಬೇಕು, ಒತ್ತಿ ಗುಳಿ ಮಾಡಬಾರದು. ಹಳೆಯ ಬಟ್ಟೆಯ ಟೇಪು ಬೇಡ, ಅದು ಎಳೆದಷ್ಟೂ ಹಿಗ್ಗಿ ಸುಳ್ಳು ಹೇಳುತ್ತದೆ. ಹೆಚ್ಚು ಬಳಸುವ ಕೈ ಸ್ವಲ್ಪ ದಪ್ಪವಿರುವುದು ಸಹಜ. ನೋಡಬೇಕಾದದ್ದು ಮೊದಲ ಅಳತೆಗಿಂತ ಏನು ಬದಲಾಯಿತು ಎಂಬುದನ್ನು. ಸಾಮಾನ್ಯವಾಗಿ ಯಾವುದೇ ಒಂದು ಜಾಗದಲ್ಲಿ ಎರಡು ಕೈಗಳ ನಡುವೆ 2 ಸೆಂ.ಮೀ. ವ್ಯತ್ಯಾಸ ಬಂದರೆ ಬಾವು ಎಂದು ಲೆಕ್ಕ. ಆದರೆ ಉಂಗುರ ಬಿಗಿಯಾದರೆ, ಉಡುಪಿನ ತೋಳಿನ ಅಂಚು ಗುರುತು ಮೂಡಿಸಿದರೆ, ತೋಳು ಭಾರವೆನಿಸಿದರೆ, ಟೇಪು ಏನೇ ಹೇಳಲಿ, ತೋರಿಸಿಬಿಡಿ. ದಿನಾ ಅಳೆಯುವವರೂ ಇದ್ದಾರೆ. ಅದರಿಂದ ಹೆಚ್ಚುವುದು ಭಯವೊಂದೇ.

ಇನ್ನು ಎಲ್ಲರೂ ತಪ್ಪು ಮಾಡುವ ಹೆಜ್ಜೆ: ಬೆರಳುಗಳಿಂದ ಗೋಡೆ ಹತ್ತುವುದು. ಕಾಗದದ ಮೇಲಿನ ಚಿತ್ರ ನೋಡಿದರೆ ಮಕ್ಕಳಾಟದಂತಿರುತ್ತದೆ. ಆದರೆ ಮಾಡುವಾಗ ದೇಹ ನಮಗೇ ಗೊತ್ತಾಗದಂತೆ ಮೋಸ ಮಾಡುತ್ತದೆ. ಭುಜ ಕಿವಿಯ ಹತ್ತಿರಕ್ಕೆ ಏರುತ್ತದೆ, ಸೊಂಟ ಒಂದು ಕಡೆ ವಾಲುತ್ತದೆ, ಹಿಮ್ಮಡಿ ಮೇಲೇಳುತ್ತದೆ. ಕೈ ಮೇಲೆ ಹೋದಂತೆ ಕಾಣುತ್ತದೆ, ಕೀಲು ಮಾತ್ರ ಇದ್ದಲ್ಲೇ ಇರುತ್ತದೆ.

ಆದ್ದರಿಂದ ಹೀಗೆ ಮಾಡಿ. ಉಗುರುಬೆಚ್ಚಗಿನ ನೀರಿನ ಸ್ನಾನ ಆದ ಕೂಡಲೇ ಗೋಡೆಗೆ ಮುಖಮಾಡಿ, ಪಾದಗಳನ್ನು ಊರಿ ನಿಲ್ಲಿ. ಮೊದಲು ಒಳ್ಳೆಯ ಕೈಯನ್ನು ಹತ್ತಿಸಿ, ಬೆರಳ ತುದಿ ಮುಟ್ಟಿದ ಕಡೆ ಪೆನ್ಸಿಲಿನಿಂದ ಗೆರೆ ಎಳೆಯಿರಿ. ಗುರಿ ಅದು. ಈಗ ಇನ್ನೊಂದು ಕೈ. ಹತ್ತಿಸುವ ಮುನ್ನ ಎರಡೂ ಭುಜಗಳನ್ನು ಕೆಳಕ್ಕೆ ಇಳಿಬಿಡಿ, ಕುತ್ತಿಗೆ ಉದ್ದವಾದಂತೆ ಅನಿಸಬೇಕು. ತೋರುಬೆರಳು, ನಡುಬೆರಳುಗಳಿಂದ ಒಂದೊಂದೇ ಹೆಜ್ಜೆ ಇಟ್ಟಂತೆ ಮೇಲೆ ಹೋಗಿ. ಕಂಕುಳಿನಲ್ಲಿ ಸೆಳೆತ ಶುರುವಾದ ಕಡೆ ನಿಂತು, ನಾಲ್ಕು ಸಲ ನಿಧಾನವಾಗಿ ಉಸಿರಾಡಿ. ಉಸಿರು ಬಿಡುವಾಗ ಕೈ ತಾನಾಗಿ ಒಂದು ಬೆರಳಗಲ ಮೇಲೆ ಸರಿಯಬಹುದು, ಸರಿಯಲಿ. ಹಲ್ಲು ಕಚ್ಚಿ ತಳ್ಳಬೇಡಿ. ಇಳಿಯುವಾಗಲೂ ಬೆರಳುಗಳಿಂದಲೇ ಇಳಿಯಿರಿ. ಮೇಲಿನಿಂದ ಕೈಯನ್ನು ಧೊಪ್ಪನೆ ಬಿಟ್ಟು ‘ಅಮ್ಮಾ’ ಎಂದು ಕುಳಿತವರನ್ನು ಬಹಳ ನೋಡಿದ್ದೇನೆ. ಐದು ಸಲ, ದಿನಕ್ಕೆ ಎರಡು ಹೊತ್ತು. ಸೆಳೆತ ಕೈ ಇಳಿಸಿದೊಡನೆ ಹೋಗಬೇಕು. ಮರುದಿನವೂ ನೋವು ಉಳಿದಿದ್ದರೆ ಹಿಂದಿನ ದಿನ ಹೆಚ್ಚು ಮಾಡಿದ್ದೀರಿ ಎಂದರ್ಥ. ಒಂದು ಗೇಣು ಕೆಳಗೇ ನಿಲ್ಲಿಸಿ, ಆದರೆ ಬಿಡಬೇಡಿ. ಮುಖಮಾಡಿ ಮಾಡುವುದು ಸಲೀಸಾದ ಮೇಲೆ ಗೋಡೆಗೆ ಪಕ್ಕೆ ಕೊಟ್ಟು ನಿಂತು ಇದನ್ನೇ ಮಾಡಬೇಕು. ಅದು ಇನ್ನೂ ಕಷ್ಟ, ಇನ್ನೂ ಅಗತ್ಯ.

ನನ್ನ ಬಳಿ ಬರುತ್ತಿದ್ದ ಒಬ್ಬರು ಬಾಗಿಲ ಪಕ್ಕದ ಗೋಡೆಯಲ್ಲಿ, ಮಕ್ಕಳ ಎತ್ತರ ಗುರುತಿಸಿದ್ದ ಗೆರೆಗಳ ಮಗ್ಗುಲಲ್ಲೇ, ವಾರಕ್ಕೊಂದು ಗೆರೆ ಎಳೆಯುತ್ತಿದ್ದರು. ಮೂರು ವಾರ ಗೆರೆಗಳು ಒಂದರ ಮೇಲೊಂದು ಬಿದ್ದಿದ್ದವು. ನಾಲ್ಕನೆಯ ವಾರ ಎರಡು ಬೆರಳಗಲ ಮೇಲೆ. ಅದರ ಫೋಟೋ ತಂದು ತೋರಿಸಿದಾಗ ನನಗೂ ಕಣ್ಣು ತುಂಬಿ ಬಂದಿತ್ತು.

ಕೈ ಎತ್ತಿದಾಗ ಕಂಕುಳಿನಿಂದ ಮೊಣಕೈವರೆಗೆ, ಕೆಲವರಿಗೆ ಮಣಿಕಟ್ಟಿನವರೆಗೂ, ಚರ್ಮದಡಿ ತಂತಿ ಬಿಗಿದಂತೆ ಹುರಿಗಳು ಕಾಣಿಸಬಹುದು. ರೋಗ ಮರಳಿತೆಂದು ರಾತ್ರಿಯಿಡೀ ಅತ್ತವರಿದ್ದಾರೆ. ಶಸ್ತ್ರಚಿಕಿತ್ಸೆಯ ನಂತರದ ವಾರಗಳಲ್ಲಿ ಇದು ಅಪರೂಪವೇನಲ್ಲ. ಮೆಲ್ಲಗೆ ಹಿಗ್ಗಿಸುತ್ತಾ ಹೋದರೆ ಸಾಮಾನ್ಯವಾಗಿ ಕೆಲವು ವಾರ, ತಿಂಗಳುಗಳಲ್ಲಿ ಸಡಿಲುತ್ತದೆ. ಆದರೂ ಒಮ್ಮೆ ತೋರಿಸಿ ಖಚಿತಪಡಿಸಿಕೊಳ್ಳಿ.

ಆಮೇಲೆ ಭಾರ ಎತ್ತುವುದು. ‘ಇನ್ನು ಜನ್ಮದಲ್ಲಿ ಆ ಕೈಯಿಂದ ಭಾರ ಎತ್ತಬೇಡ’ ಎಂಬ ಮಾತು ಹಳೆಯದು. ಹಂತಹಂತವಾಗಿ ತೂಕ ಏರಿಸುವ ವ್ಯಾಯಾಮದಿಂದ ಲಿಂಫೆಡಿಮಾ ಉಲ್ಬಣಿಸುವುದಿಲ್ಲ ಎಂದು 2009ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಅಧ್ಯಯನ ತೋರಿಸಿತು. ಅರ್ಧ ಕಿಲೋದಿಂದ ಶುರು ಮಾಡಿ, ತೋಳು ಹೇಗಿದೆ ನೋಡಿಕೊಂಡು ಏರಿಸಿ. ಮೊದಲ ಕೆಲವು ವಾರ ತಿಳಿದವರ ಕಣ್ಣೆದುರೇ ಮಾಡಿ.

ಬಾವು ಹತೋಟಿಯಲ್ಲಿಡಲು ತೋಳಿಗೆ ಬಿಗಿಯಾಗಿ ತೊಡುವ ಒತ್ತಡದ ತೋಳುಚೀಲ (ಕಂಪ್ರೆಷನ್ ಸ್ಲೀವ್) ಬೇಕೆಂದು ವೈದ್ಯರು ಹೇಳಿದ್ದರೆ ಅಳತೆ ಕೊಟ್ಟೇ ಕೊಳ್ಳಿ. ಚಿಕ್ಕದು, ಮಧ್ಯಮ, ದೊಡ್ಡದು ಎಂದು ಅಂದಾಜಿಗೆ ಮಾರುವುದನ್ನು ತರಿಸಿಕೊಂಡು, ಹಸ್ತವೇ ಊದಿಸಿಕೊಂಡು ಬಂದವರನ್ನು ಕಂಡಿದ್ದೇನೆ. ಮೇಲಂಚು ಜಾರುತ್ತದೆಂದು ಮಡಚಿಡಬೇಡಿ. ಮಡಿಕೆ ಹಗ್ಗ ಬಿಗಿದಂತೆ ಕೆಲಸ ಮಾಡುತ್ತದೆ. ಉಳುಕಿಗೆ ಸುತ್ತುವ ಎಲಾಸ್ಟಿಕ್ ಪಟ್ಟಿ ಇದಕ್ಕೆ ಬದಲಿಯಲ್ಲ. ಎಣ್ಣೆ ಹಚ್ಚಿ ಬಲವಾಗಿ ತಿಕ್ಕುವುದು, ಗಡಗಡ ನಡುಗಿಸುವ ಮಸಾಜ್ ಯಂತ್ರ, ಇವೆರಡನ್ನೂ ಆ ತೋಳಿನ ಹತ್ತಿರ ತರಬೇಡಿ. ದುಗ್ಧನಾಳಗಳಲ್ಲಿ ಹಲವು ಚರ್ಮದ ಕೆಳಗೇ ಇರುತ್ತವೆ, ಅವಕ್ಕೆ ಬೇಕಾದದ್ದು ಗರಿ ಸವರಿದಷ್ಟು ಒತ್ತಡ, ಅದೂ ಕಲಿತವರ ಕೈಯಿಂದ.

ತೋಳಿನ ಚರ್ಮ ಒಣಗಲು ಬಿಡಬೇಡಿ, ಗಿಡ ನೆಡುವಾಗ ಕೈಗವಸು ಹಾಕಿ. ತೋಳು ಕೆಂಪಾಗಿ, ಬಿಸಿಯಾಗಿ, ಜ್ವರ ಬಂದರೆ ನಾಳೆಗೆ ಮುಂದೂಡಬೇಡಿ. ಅದು ಸೋಂಕು ಇರಬಹುದು, ಅದೇ ದಿನ ಔಷಧ ಬೇಕು.

ಕೆಲವು ಬಗೆಯ ಸ್ತನ ಕ್ಯಾನ್ಸರಿಗೆ, ರೋಗ ಮರಳದಿರಲೆಂದು ಕೊಡುವ ಹಾರ್ಮೋನ್ ಚಿಕಿತ್ಸೆಯ ಮಾತ್ರೆ ಸಾಮಾನ್ಯವಾಗಿ 5 ವರ್ಷ, ಕೆಲವರಿಗೆ 10 ವರ್ಷ. ಕೀಲುನೋವೆಂದು ಹೇಳದೆ ಕೇಳದೆ ನಿಲ್ಲಿಸುವವರಿದ್ದಾರೆ; ಹೇಳಿದರೆ ಬೇರೆ ಮಾತ್ರೆಗೆ ಬದಲಿಸಲು ಎಷ್ಟೋ ಸಲ ದಾರಿಯಿದೆ. ತಪಾಸಣೆಯ ದಿನ ತಪ್ಪಿಸಬೇಡಿ, ಹೋಗುವಾಗ ಅಳತೆಯ ಪುಸ್ತಕವನ್ನೂ ಒಯ್ಯಿರಿ.

ಗೋಡೆ ಹತ್ತುವುದನ್ನು ಎಲ್ಲಿಯವರೆಗೆ ಮಾಡಬೇಕು ಎಂದು ಎಲ್ಲರೂ ಕೇಳುತ್ತಾರೆ. ಎರಡೂ ಕೈಗಳ ಗೆರೆ ಒಂದೇ ಎತ್ತರಕ್ಕೆ ಬರುವವರೆಗೆ ದಿನವೂ. ಆಮೇಲೆ ವಾರಕ್ಕೊಮ್ಮೆ ನಿಂತು ಪರೀಕ್ಷಿಸಿಕೊಳ್ಳಿ. ಗೆರೆ ಮತ್ತೆ ಕೆಳಗಿಳಿದಿದ್ದರೆ, ಮರುದಿನದಿಂದಲೇ ಎರಡು ಹೊತ್ತು.