ಲಕ್ಷ ಅಭಿಮಾನಿಗಳಿಗೆ ಕಾಣದ ಸುಳಿವು ಗೆಳತಿಗೆ ಹೇಗೆ ಕಂಡಿತು

ಟಿವಿ ಹಾಡಿನ ಸ್ಪರ್ಧೆಯಿಂದ ಹೆಸರಾದ ಸಾಗರದ ಹುಡುಗಿಯೊಬ್ಬಳು ಕಾಣೆಯಾಗುತ್ತಾಳೆ, ಹೈಸ್ಕೂಲಿನಿಂದ ಜೊತೆಗಿದ್ದ ಗೆಳತಿ ಹುಡುಕುತ್ತಾಳೆ. ಹದಿಹರೆಯದವರಿಗಾಗಿ ನಾನು ಬರೆದ ಈ ಪತ್ತೇದಾರಿ ಕಾದಂಬರಿಯಲ್ಲಿ ಹೆಚ್ಚು ಹೊತ್ತು ಹಿಡಿದದ್ದು ಒಂದೇ ಪ್ರಶ್ನೆ. ಅಭಿಮಾನಿಗಳು ಪ್ರತಿ ವಿಡಿಯೋವನ್ನೂ ನಿಲ್ಲಿಸಿ, ಹಿಗ್ಗಿಸಿ ನೋಡುತ್ತಾರೆ. ಗೋಡೆಯ ಬಣ್ಣ, ಕಿಟಕಿಯಾಚೆಯ ಬೋರ್ಡು ಯಾವುದೂ ಅವರ ಕಣ್ಣು ತಪ್ಪುವುದಿಲ್ಲ. ಹಾಗಿರುವಾಗ ಗೆಳತಿಗೆ ಉಳಿಯುವ ಸುಳಿವು ಯಾವುದು? ಎಲ್ಲರಿಗೂ ಕಾಣಬೇಕು, ಅರ್ಥ ಮಾತ್ರ ಅವಳೊಬ್ಬಳಿಗೇ ಆಗಬೇಕು.

ನಾನು ಹಿಡಿದದ್ದು ಉಗುರಿನ ಮದರಂಗಿ. ಚರ್ಮದ ಮೇಲಿನದು ಒಂದೆರಡು ವಾರದಲ್ಲಿ ಮಾಸುತ್ತದೆ, ಉಗುರಿನದು ಮಾಸದೆ ಬೆಳೆದು ಮುಂದೆ ಹೋಗುತ್ತದೆ. ಕೈಯುಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುವುದರಿಂದ ಬುಡದ ಬಿಳಿ ಅಂತರವೇ ಕ್ಯಾಲೆಂಡರು. ಇಬ್ಬರೂ ಒಂದೇ ರಾತ್ರಿ, ಒಂದೇ ಬಟ್ಟಲಿನ ಮದರಂಗಿ ಹಚ್ಚಿಕೊಂಡಿದ್ದರು. ‘ಇವತ್ತೇ ಮಾಡಿದ್ದು’ ಎಂದು ಹಾಕಿದ ವಿಡಿಯೋದಲ್ಲಿ ಗಾಯಕಿಯ ಉಗುರು ಬುಡದವರೆಗೂ ಕೆಂಪು, ನೋಡುತ್ತಿರುವವಳ ಉಗುರಿನ ಬುಡ ಬಿಳಿ. ಅಂದರೆ ವಿಡಿಯೋ ಹಳೆಯದು.

ಮೊದಲ ಕರಡಿನಲ್ಲಿ ಹಚ್ಚಿದ್ದಕ್ಕೂ ವಿಡಿಯೋ ಹಾಕಿದ್ದಕ್ಕೂ ನಡುವೆ ಹತ್ತೇ ದಿನ ಇಟ್ಟಿದ್ದೆ. ಅಷ್ಟರಲ್ಲಿ ಉಗುರು ಬೆಳೆಯುವುದು ಒಂದು ಮಿಲಿಮೀಟರ್, ಅದನ್ನು ನೋಡಿ ಯಾರೂ ಖಚಿತವಾಗಿ ಏನೂ ಹೇಳಲಾರರು. 35 ದಿನಕ್ಕೆ ಹಿಗ್ಗಿಸಿದೆ, ಅದರ ಹಿಂದೆ ಇಡೀ ಕಾಲಪಟ್ಟಿಯೇ ಬದಲಾಯಿತು. ಇನ್ನೊಂದು ತೂತು: ಕ್ಯಾಮೆರಾ ಮುಂದೆ ನಿಲ್ಲುವವಳಿಗೆ ಮೇಕಪ್‌ನವರು ನೈಲ್ ಪಾಲಿಶ್ ಹಚ್ಚದೆ ಬಿಡುತ್ತಾರೆಯೇ? ಅದಕ್ಕಾಗಿ ಮದರಂಗಿ ಸ್ಪರ್ಧೆಯ ಜನಪದ ಗೀತೆಯ ಸುತ್ತಿಗಾಗಿ ಮಾಡಿಕೊಂಡ ಅಲಂಕಾರ ಎಂದು ಐದನೇ ಅಧ್ಯಾಯದಲ್ಲೇ, ಜಗಳದ ನಡುವೆ ಒಂದು ವಾಕ್ಯ ಸೇರಿಸಿದೆ. ಸುಳಿವನ್ನು ಜಗಳದಲ್ಲೋ ನಗುವಿನಲ್ಲೋ ಇಟ್ಟರೆ ಓದುಗರು ನೋಡಿಯೂ ದಾಟಿಹೋಗುತ್ತಾರೆ. ಪ್ಯಾರಾದ ಕೊನೆಯ ವಾಕ್ಯವಾಗಿ ಇಟ್ಟರೆ ಸಿಕ್ಕಿಬಿದ್ದಂತೆಯೇ.

ಎರಡನೇ ಸುಳಿವು ಭಾಷೆ. ಗಾಯಕಿಯ ಮೊಬೈಲಿನಿಂದ ಬರುವ ಸಂದೇಶದಲ್ಲಿ ‘ಮಾರಾಯ್ತಿ’ ಇರಬೇಕಾದಲ್ಲಿ ‘ಕಣೇ’ ಇದೆ. ಇದೊಂದೇ ಸಾಲದು, ಬೆಂಗಳೂರಿಗೆ ಹೋದವರ ಮಾತು ಬದಲಾಗುತ್ತದೆ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುವ ರೂಢಿ ಮಾತ್ರ ಕೈಬರಹದ ಹಾಗೆ: ‘ನಾಳೆ’ಗೆ ಸದಾ ‘naale’ ಎಂದು ಎರಡು ‘a’ ಒತ್ತುವವಳು ‘nale’ ಎಂದು ಒಂದೇ ಒತ್ತಿದ್ದಾಳೆ. ಇವೆರಡೂ ಸೇರಿದರೆ ಅನುಮಾನ ಗಟ್ಟಿ. ಪುಸ್ತಕದಲ್ಲಿ ಆ ಸಂದೇಶಗಳನ್ನು ಕನ್ನಡಕ್ಕೆ ತಿರುಗಿಸದೆ ಹಾಗೆಯೇ ಅಚ್ಚು ಮಾಡಿಸಬೇಕು, ಇಲ್ಲದಿದ್ದರೆ ಸುಳಿವೇ ಅಳಿಸಿಹೋಗುತ್ತದೆ.

ಫೋಟೋ ಫೈಲಿನೊಳಗೆ ದಾಖಲಾಗುವ ಸಮಯ, ಜಾಗ ನೋಡಿ ಪತ್ತೆಹಚ್ಚಿಸುವ ಆಸೆ ಬೇಡ. ವಾಟ್ಸಾಪ್‌ನಲ್ಲಿ ಫೋಟೋವಾಗಿ ಕಳಿಸಿದರೆ ಆ ಮಾಹಿತಿ ಕಳಚಿಹೋಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಮಾತ್ರ ಉಳಿಯುತ್ತದೆ. ಹದಿನಾರರ ಓದುಗರಿಗೆ ಇದು ಗೊತ್ತು, ತಪ್ಪಿದರೆ ಪುಸ್ತಕ ಮುಚ್ಚಿಡುತ್ತಾರೆ. ಇನ್‌ಸ್ಟಾಗ್ರಾಂ ಸ್ಟೋರಿ 24 ಗಂಟೆಗೆ ಮರೆಯಾಗುವುದು ನನಗೆ ಪುಕ್ಕಟೆ ಸಿಕ್ಕ ಗಡಿಯಾರ. ಮೂರು ಅಧ್ಯಾಯಗಳ ಓಟ ಅದರ ಮೇಲೆಯೇ ನಿಂತಿದೆ.

ಪೊಲೀಸರದು ಬೇರೆ ತೊಡಕು. ಗಾಯಕಿಗೆ ಮೊದಲು 17 ವರ್ಷ ಕೊಟ್ಟಿದ್ದೆ. ಮಕ್ಕಳು ಕಾಣೆಯಾದ ದೂರು ಬಂದರೆ ಅಪಹರಣ ಅಥವಾ ಮಾನವ ಕಳ್ಳಸಾಗಣೆ ಎಂದೇ ಭಾವಿಸಿ ಎಫ್‌ಐಆರ್ ದಾಖಲಿಸಬೇಕೆಂದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾದರೆ ಎರಡನೇ ಅಧ್ಯಾಯದಲ್ಲೇ ಠಾಣೆಯವರು ಹುಡುಕಾಟ ಶುರುಮಾಡುತ್ತಾರೆ, ಗೆಳತಿಗೆ ಕೆಲಸವಿಲ್ಲ. ವಯಸ್ಸನ್ನು 18 ದಾಟಿಸಿ, ‘ನಾನು ಚೆನ್ನಾಗಿದ್ದೇನೆ’ ಎಂಬ ಆ ಹಳೆಯ ವಿಡಿಯೋ ಹಾಕಿಸಿದ ಮೇಲೆ ದೊಡ್ಡವರೆಲ್ಲ ಸುಮ್ಮನಾಗಲು ಕಾರಣ ಸಿಕ್ಕಿತು.

ಅನುಮಾನಕ್ಕೆ ನಾಲ್ವರು ಸಾಕು: ಮ್ಯಾನೇಜರ್, ಸ್ಪರ್ಧೆಯಲ್ಲಿ ಎರಡನೆಯವನಾದ ಹುಡುಗ, ಅಣ್ಣ, ಮತ್ತು ಕಥೆ ಹೇಳುವ ಗೆಳತಿಯೇ. ಮ್ಯಾನೇಜರ್ ಮೇಲೆ ಎಲ್ಲರ ಕಣ್ಣು ಮೊದಲು ಬೀಳುತ್ತದೆ. ಅವನನ್ನು ಪೂರಾ ನಿರಪರಾಧಿ ಮಾಡಿದರೆ ಓದುಗರು ನಂಬುವುದಿಲ್ಲ. ಜಾಹೀರಾತಿನ ದುಡ್ಡು ನುಂಗಿದ ಸಣ್ಣ ತಪ್ಪು ಹೊರಿಸಿ, ಅದನ್ನು ಅರ್ಧದಲ್ಲೇ ಬಯಲು ಮಾಡಿದೆ. ಗೆಳತಿಯ ಹೊಟ್ಟೆಕಿಚ್ಚನ್ನು ಮಾತ್ರ ಕೊನೆಯವರೆಗೂ ತೊಳೆಯಲಿಲ್ಲ.

ಒಟ್ಟು 38,000 ಪದ, 32 ಅಧ್ಯಾಯ. ಬರೆದದ್ದು ಕೊನೆಯ ಅಧ್ಯಾಯದಿಂದ ಹಿಂದಕ್ಕೆ, ಪ್ರತಿ ದಿನಾಂಕದ ಎದುರಿಗೆ ಉಗುರಿನ ಅಳತೆ ಬರೆದಿಟ್ಟುಕೊಂಡು.