ಜಾತ್ರೆಗೆ ಪಟ್ಟಿ ಕೊಡುವವರು ಕೆರೆಗೂ ಕೊಟ್ಟರು

ನಮ್ಮೂರು ವಿಜಯಪುರ ಜಿಲ್ಲೆಯ ಬಬಲೇಶ್ವರ ತಾಲ್ಲೂಕಿನಲ್ಲಿದೆ. ವರ್ಷಗಟ್ಟಲೆ ಒಣಗಿದ್ದ ಕೆರೆಗೆ, ಕೃಷ್ಣಾ ನೀರು ಎತ್ತಿ ಕೆರೆ ತುಂಬಿಸುವ ಯೋಜನೆ ಬಂದ ಮೇಲೆ ಮತ್ತೆ ನೀರು ಬಂತು. ಆದರೆ ಏರಿ ಮೇಲಿನ ಜಾಲಿ ಕಡಿಯೋದು, ಕೋಡಿ ರಿಪೇರಿ ಮಾಡಿಸೋದು ಯಾರು? "ಕೆರಿ ಸರ್ಕಾರದ್ದರೀ, ನಾವ್ಯಾಕ ರೊಕ್ಕ ಕೊಡಬೇಕು?" ಅನ್ನೋದೇ ಎಲ್ಲರ ಮಾತು.

ಅದಕ್ಕೇ ಜಾತ್ರೆಗೆ ಎತ್ತುವ ಹಾಗೆ ಕೆರೆಗೂ ಪಟ್ಟಿ, ಅಂದರೆ ವಂತಿಗೆ, ಎತ್ತೋಕೆ ನಾವು ಮನೆಮನೆಗೆ ಹೋದಾಗ ಮೊದಲು ರೊಕ್ಕದ ಮಾತು ಎತ್ತಲೇ ಇಲ್ಲ. ನಿಮ್ಮ ಬೋರಿನಲ್ಲಿ ನೀರು ಎಷ್ಟು ಹೊತ್ತು ಬರುತ್ತದೆ, ಕುರಿ ಎಲ್ಲಿ ನೀರು ಕುಡಿಯುತ್ತವೆ, ಬೇಸಿಗೆಯಲ್ಲಿ ಬಟ್ಟೆ ಎಲ್ಲಿ ಒಗೆಯುತ್ತೀರಿ, ಇಷ್ಟೇ. ಕೆರೆ ತುಂಬಿದ್ದಾಗ ಏರಿ ಕೆಳಗಿನ ಹಳೇ ಬಾವಿಗೆ ಕಲ್ಲು ಕಟ್ಟಿದ ಹಗ್ಗ ಇಳಿಸಿ, ನೀರು ತಾಗಿದ ಕಡೆ ಕೆಂಪು ಬಟ್ಟೆ ಕಟ್ಟಿದೆವು. ಕೆರೆ ಇಳಿದಾಗ ಮತ್ತೆ ಇಳಿಸಿ ಇನ್ನೊಂದು ಬಟ್ಟೆ. ಕೆರೆ ನೀರು ನೆಲದಲ್ಲಿ ಇಂಗಿ ಬಾವಿಗೆ ಸೇರುತ್ತದೆ, ಕೆರೆ ಇಳಿದರೆ ಬಾವಿಯೂ ಇಳಿಯುತ್ತದೆ ಅನ್ನೋದನ್ನ ಎರಡರ ನಡುವಿನ ಹಗ್ಗ ಕೈಯಲ್ಲಿ ಹಿಡಿದು ನೋಡಿದವರು ತಾವೇ ಮಾತು ಶುರು ಮಾಡಿದರು. ಕೆರೆಯಿಂದ ನಮ್ಮ ಹೊಲಕ್ಕೆ ಕಾಲುವೆ ಇಲ್ಲ, ನಮಗೇನು ಲಾಭ ಅಂತಿದ್ದ ರೈತರೂ ಸೇರಿ.

"ನೂರು ರೂಪಾಯಿ ಕೊಡ್ತೀರಾ?" ಅಂತ ಮಾತ್ರ ಕೇಳಬೇಡಿ. ನೀವು ಹೇಳಿದ ಅಂಕಿಯೇ ಅವರ ತಲೆಯಲ್ಲಿ ಕೂತುಬಿಡುತ್ತದೆ. ನಾವು ಎಷ್ಟು ಆಗುತ್ತದೋ ನೀವೇ ಹೇಳಿ ಅಂದೆವು. ಹೆಣ್ಣುಮಕ್ಕಳನ್ನು ಬೇರೆಯಾಗಿ ಕೇಳಿದೆವು, ಗಂಡಸರ ಮುಂದೆ ಅವರು ಸುಮ್ನೆ ಇರುತ್ತಾರೆ. ಕೊಡಲ್ಲ ಅಂದವರಲ್ಲಿ ಹಲವರ ತಕರಾರು ಕೆರೆಯ ಬಗ್ಗೆ ಅಲ್ಲ, ರೊಕ್ಕ ಯಾರ ಕೈ ಸೇರುತ್ತದೆ ಅನ್ನೋದರ ಬಗ್ಗೆ. ಗುಡಿ ಗೋಡೆಯ ಕರಿ ಹಲಗೆ ಮೇಲೆ ಜಮಾ-ಖರ್ಚು ಬರೆಯೋಕೆ ಶುರು ಮಾಡಿದ ಮೇಲೆ ಅವರಲ್ಲೂ ಕೆಲವರು ಬಂದರು. ಕುರಿಗಾಹಿಗಳು ಜಾಲಿ ಕಡಿದರು, ಟ್ರ್ಯಾಕ್ಟರ್ ಇದ್ದವರು ಸ್ವಂತ ಡೀಸೆಲ್ ಹಾಕಿ ಹೂಳು ಹೊತ್ತು ತಮ್ಮ ಹೊಲಕ್ಕೆ ಹರಡಿದರು. ಅದೂ ಪಟ್ಟಿಯೇ ಅಲ್ವಾ?

ಒಂದು ವಿಷಯದಲ್ಲಿ ನಾನು ಹಟ ಮಾಡಿದೆ. ಆಪು, ಜೊಂಡು ಪೂರ್ತಿ ಕಿತ್ತು ಕೆರೆ ಸುತ್ತ ಕಲ್ಲು ಕಟ್ಟೋಣ ಅಂದವರಿದ್ದರು. ಊರಿನ ಬಚ್ಚಲು ನೀರು ಬರುವ ಕಡೆ ಆ ಜೊಂಡೇ ಕೊಳೆಯನ್ನು ತಡೆಯುತ್ತದೆ, ಹಕ್ಕಿಗಳು ಗೂಡು ಕಟ್ಟೋದೂ ಅಲ್ಲೇ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ, 2024ರಲ್ಲಿ ಅದು ಜಗತ್ತಿನ ಮುಖ್ಯ ಕೆರೆ, ಜೌಗು ನೆಲಗಳನ್ನು ಗುರುತಿಸುವ ರಾಮ್ಸರ್ ಯಾದಿಗೂ ಸೇರಿತು. ಅದೂ ಒಂದು ಊರ ಕೆರೆಯೇ ಅಂತ ಹೇಳಿದೆ. ಜೊಂಡು ಉಳಿಯಿತು.

ಈಗ ಜಗಳ ಇರೋದು ಬೇರೆ. ಮುಂದೆ ಎಲ್ಲರಿಗೂ ಒಂದೇ ಪಟ್ಟಿ ಇಡೋದು ಸರಿಯಲ್ಲ, ಬೋರ್ ಹಾಕಿ ಕಬ್ಬು ಬೆಳೆಯುವವರು ಜಾಸ್ತಿ ಕೊಡಬೇಕು ಅಂತ ನನ್ನ ವಾದ. ಅವರು ಇನ್ನೂ ಒಪ್ಪಿಲ್ಲ. ಮುಂದಿನ ಸಭೆಗೆ ಆ ಹಗ್ಗ ತಗೊಂಡು ಹೋಗುತ್ತೇನೆ.