ಮಲ್ನಾಡ್ ಕಡೆಯಿಂದ ಯುಟ್ರೆಕ್ಟ್‌ಗೆ ಬರ್ತಿರೋರಿಗೆ: ಸೈಕಲ್ ತುಳಿಯೋ ಮುಂಚೆ

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆಯಿಂದ ಓದಕ್ಕೆ, ಕೆಲ್ಸಕ್ಕೆ ಅಂತ ನೆದರ್ಲ್ಯಾಂಡ್ಸಿನ ಯುಟ್ರೆಕ್ಟ್ ಊರಿಗೆ ಬರೋರು ಎಲ್ರೂ ಕೇಳೋದು ಒಂದೇ, ಅಲ್ಲಿ ರೋಡಲ್ಲಿ ಸೈಕಲ್ ತುಳಿಯೋಕೆ ಹೆದರಿಕೆ ಆಗಲ್ವಾ ಅಂತ. ಕಾರಿನ ಹೆದರಿಕೆ ಅಷ್ಟಿಲ್ಲ ಮಾರಾಯ್ರೆ, ಹುಷಾರಾಗಿರ್ಬೇಕಾಗಿದ್ದು ಹಿಂದೆ ಬರೋ ಸೈಕಲ್ ಬಗ್ಗೆ.

ಎಂಟನೇ ಕ್ಲಾಸಲ್ಲಿ ಸರ್ಕಾರಿ ಸೈಕಲ್ ಸಿಕ್ಕಾಗಿಂದ ನಾವು ಕಲ್ತಿದ್ದೇನು? ಶಿವಮೊಗ್ಗದ ಬಿ.ಎಚ್. ರೋಡಲ್ಲಿ ಬಸ್ ಹಾರ್ನ್ ಕೇಳಿದ್ರೆ ಮಣ್ಣಿಗಿಳಿಯೋದು, ಗೋಪಿ ಸರ್ಕಲಲ್ಲಿ ಎದುರಿನವ್ನ ಮುಖ ನೋಡ್ಕೊಂಡು ಸಂದೀಲಿ ನುಗ್ಗೋದು. ಆ ಜಾಣತನ ಇಲ್ಲಿ ಉಪಯೋಗಕ್ಕಿಲ್ಲ, ಉಲ್ಟಾ ಹೊಡೆಯುತ್ತೆ. ಸೈಕಲಿಗೆ ಅಂತ್ಲೇ ಕೆಂಪು ಟಾರ್ ದಾರಿ, ಬೇರೆ ಸಿಗ್ನಲ್ ಎಲ್ಲಾ ಇದೆ, ಆದ್ರೆ ಹಿಂದಿನವ್ರು ನೀವು ನೆಟ್ಟಗೆ ಹೋಗ್ತೀರ ಅಂತ ನಂಬ್ಕೊಂಡೇ ಜೋರಾಗಿ ಬರ್ತಿರ್ತಾರೆ, ಗಕ್ಕನೆ ನಿಂತ್ರೆ ಮೈಮೇಲೆ ಬಂದ್ಬಿಡ್ತಾರೆ, ಆಮೇಲೆ ಬೈಗುಳ ಬೇರೆ. ತಿರುಗೋ ಮುಂಚೆ ಹಿಂದೆ ನೋಡಿ, ಕೈ ಚಾಚಿ. ನೆಲದ ಮೇಲೆ ಸಾಲಾಗಿ ಬಿಳಿ ತ್ರಿಕೋನ ಇದ್ದು ಚೂಪು ತುದಿ ನಿಮ್ ಕಡೆ ಇದ್ರೆ ದಾರಿ ಬಿಡ್ಬೇಕಾದವ್ರು ನೀವು. ಯಾವ ಗುರುತೂ ಇಲ್ದಿರೋ ಕ್ರಾಸಲ್ಲಿ ಬಲಗಡೆಯಿಂದ ಬರೋ ಗಾಡಿಗೆ ಮೊದ್ಲು ದಾರಿ, ಅದು ಕಾರಾಗ್ಲಿ ಸೈಕಲಾಗ್ಲಿ.

ಇನ್ನೊಂದು, ಇಲ್ಲಿನ ಸುಮಾರು ಹಳೇ ಸೈಕಲಲ್ಲಿ ಹ್ಯಾಂಡಲಿಗೆ ಹಿಂದಿನ ಬ್ರೇಕೇ ಇರಲ್ಲ, ಪೆಡಲ್ ಹಿಂದಕ್ಕೆ ತುಳಿದ್ರೆ ಬ್ರೇಕು. ನಮಗೋ ಇಳಿಜಾರಲ್ಲಿ ಸುಮ್ನೆ ಪೆಡಲ್ ಹಿಂದಕ್ಕೆ ಟಕಟಕ ತಿರುಗಿಸ್ಕೊಂಡು ಹೋಗೋ ಚಟ. ಹಂಗೆ ಮಾಡಿದ್ರೆ ಹಿಂದಿನ ಚಕ್ರ ಕಚ್ಕೊಂಡು ಅಲ್ಲೇ ನಿಲ್ಲುತ್ತೆ. ಮೊದ್ಲು ಖಾಲಿ ಮೈದಾನದಲ್ಲಿ ಎರಡು ರೌಂಡ್ ಹಾಕಿ.

ಇಲ್ಲಿ ಕಾರಿನವ್ರು ಸೈಕಲಿನವ್ರ ಹತ್ರ ತಾಳ್ಮೆಯಿಂದ ಇರೋದು ಬರೀ ಒಳ್ಳೇತನ ಅಲ್ಲ ಕಣ್ರೀ. 1971ರಲ್ಲಿ ಈ ದೇಶದಲ್ಲಿ ಒಂದೇ ವರ್ಷ 400ಕ್ಕಿಂತ ಜಾಸ್ತಿ ಮಕ್ಕಳು ರೋಡ್ ಆಕ್ಸಿಡೆಂಟಲ್ಲಿ ಸತ್ರು, ಅಪ್ಪ ಅಮ್ಮಂದಿರು ಬೀದಿಗಿಳಿದ್ರು, 1973ರಲ್ಲಿ ಪೆಟ್ರೋಲಿಗೂ ಬರ ಬಂತು, ಆಮೇಲೆ ನಿಧಾನಕ್ಕೆ ಈ ಸೈಕಲ್ ದಾರಿಗಳೆಲ್ಲ ಆಗಿದ್ದು. ಕಾನೂನೂ ಬಿಗಿ ಇದೆ: ಕಾರು ಸೈಕಲಿಗೆ ಗುದ್ದಿದ್ರೆ, ಸೈಕಲಿನವ್ರದ್ದು ಸ್ವಲ್ಪ ತಪ್ಪಿದ್ರೂ, ಸಾಮಾನ್ಯವಾಗಿ ಅರ್ಧ ಪರಿಹಾರನಾದ್ರೂ ಕಾರಿನ ಕಡೆಯಿಂದ್ಲೇ ಬರ್ಬೇಕು.

ಸೆಕೆಂಡ್ ಹ್ಯಾಂಡ್ ತಗೊಳ್ಳಿ, ಆದ್ರೆ ಅಂಗಡೀಲಿ, ಬಿಲ್ ಸಮೇತ. ರಾತ್ರಿ ಬೀದೀಲಿ ಚಿಲ್ಲರೆ ರೇಟಿಗೆ ಮಾರೋದು ಕದ್ದ ಮಾಲು, ಗೊತ್ತಿದ್ದೂ ತಗೊಂಡ್ರೆ ನೀವೂ ಕೇಸಲ್ಲಿ ಸಿಗಾಕ್ಕೋತೀರ. ಬೀಗ ಎರಡು ಹಾಕಿ, ಚೈನನ್ನ ಕಂಬಕ್ಕೆ ಸುತ್ತಿ. ಕತ್ತಲಾದ್ಮೇಲೆ ಮುಂದೆ ಬಿಳಿ ಲೈಟು, ಹಿಂದೆ ಕೆಂಪು, ಇಲ್ಲಾಂದ್ರೆ ಫೈನ್. ತುಳೀತಾ ಫೋನ್ ಕೈಯಲ್ಲಿ ಹಿಡಿದ್ರೂ ಫೈನೇ, 2019ರಿಂದ.

ಯುಟ್ರೆಕ್ಟ್ ಸ್ಟೇಷನ್ ಕೆಳಗೆ 12,500 ಸೈಕಲ್ ನಿಲ್ಸೋ ಜಾಗ ಇದೆ, ಮೊದಲ 24 ಗಂಟೆ ಫ್ರೀ. ಯಾವ ಸಾಲಲ್ಲಿ ಇಟ್ರಿ ಅನ್ನೋದನ್ನ ಫೋಟೋ ತಕ್ಕೊಳ್ಳಿ, ಇಲ್ಲಾಂದ್ರೆ ಸಂಜೆ ಹುಡುಕ್ತಾನೇ ಇರ್ಬೇಕು.

ಆಗುಂಬೆ ಘಾಟಿ ನೋಡಿದೋರಿಗೆ ಇಲ್ಲಿ ಏರು ಅನ್ನೋದೇ ಇಲ್ಲ, ಆದ್ರೆ ಎದುರುಗಾಳಿ ಬೀಸಿದ್ರೆ ತೊಡೆ ನಡುಗುತ್ತೆ. ಮಳೆ ಬಗ್ಗೆ ನಿಮಗೆ ನಾನೇನು ಹೇಳೋದು, ಛತ್ರಿ ಮಾತ್ರ ನಂಬ್ಬೇಡಿ, ರೈನ್ ಪ್ಯಾಂಟ್ ತಗೊಳ್ಳಿ.

ಆಮೇಲೆ ಊರಿಂದ ಅಪ್ಪ ಅಮ್ಮ ಬಂದಾಗ, ನೀಟಾಗಿದೆ ಅಂತ ಆ ಕೆಂಪು ದಾರೀಲೇ ವಾಕಿಂಗ್ ಶುರು ಮಾಡ್ತಾರೆ. ಬಂದ ದಿನಾನೇ ಹೇಳಿಡಿ.